ಏರ್ ಪಿಸ್ತೂಲಿನ ಜೊತೆ ಇರಬೇಕಾದ ಡಬ್ಬಿ

2021ರ ಜುಲೈ 25. ಟೋಕಿಯೊ ಒಲಿಂಪಿಕ್ಸ್‌ನ 10 ಮೀಟರ್ ಏರ್ ಪಿಸ್ತೂಲ್ ಅರ್ಹತಾ ಸುತ್ತು. 60 ಗುಂಡುಗಳಲ್ಲಿ 16 ಮುಗಿದಿದ್ದವು, ಮನು ಭಾಕರ್ ಅವರ ಪಿಸ್ತೂಲು ಕೈಕೊಟ್ಟಿತು. ರಿಪೇರಿ ಮಾಡಿಸಿಕೊಂಡು ಮರಳುವಷ್ಟರಲ್ಲಿ 44 ಗುಂಡುಗಳಿಗೆ ಉಳಿದಿದ್ದ ಸಮಯ ಕಡಿಮೆ. ಹಾಗಿದ್ದೂ 575 ಅಂಕ ಗಳಿಸಿದರು. ಎಂಟು ಮಂದಿಯ ಫೈನಲ್ ಎರಡೇ ಅಂಕಗಳಲ್ಲಿ ತಪ್ಪಿತು. 2024ರ ಪ್ಯಾರಿಸ್‌ನಲ್ಲಿ ಇದೇ ಸ್ಪರ್ಧೆಯ ಕಂಚು ಅವರಿಗೆ ಒಲಿದದ್ದು ಎಲ್ಲರಿಗೂ ನೆನಪಿದೆ. ಮಕ್ಕಳನ್ನು ಶೂಟಿಂಗ್‌ಗೆ ಸೇರಿಸುವ ಅಪ್ಪ ಅಮ್ಮಂದಿರು ಟೋಕಿಯೊವನ್ನೂ ನೆನಪಿಡುವುದು ಒಳ್ಳೆಯದು. ಪಿಸ್ತೂಲು ಎಷ್ಟೇ ದುಬಾರಿಯದಾದರೂ ಅದೊಂದು ಯಂತ್ರ.

ಬೆಂಗಳೂರಿನ ಪ್ರಕಾಶ್ ನಂಜಪ್ಪ 2014ರ ಗ್ಲಾಸ್ಗೊ ಕಾಮನ್‌ವೆಲ್ತ್ ಕ್ರೀಡಾಕೂಟದಲ್ಲಿ ಬೆಳ್ಳಿ ಗೆದ್ದದ್ದೂ ಇದೇ ಸ್ಪರ್ಧೆಯಲ್ಲಿ. ಏರ್ ಪಿಸ್ತೂಲಿನಲ್ಲಿ ಮದ್ದುಗುಂಡಿನ ಕೆಲಸವಿಲ್ಲ. ನಳಿಗೆಯ ಕೆಳಗಿನ ಸಿಲಿಂಡರಿನಲ್ಲಿ 200 ಬಾರ್ ಒತ್ತಡದ ಗಾಳಿ ತುಂಬಿರುತ್ತದೆ, ಕಾರಿನ ಟೈರಿನೊಳಗಿನ ಒತ್ತಡದ ಎಂಬತ್ತು ತೊಂಬತ್ತು ಪಟ್ಟು. ಟ್ರಿಗರ್ ಒತ್ತಿದಾಗ ಅದರ ಚೂರುಪಾಲು ಹೊರಬಂದು 4.5 ಮಿ.ಮೀ.ನ ಸೀಸದ ಪೆಲೆಟ್ಟನ್ನು ದೂಡುತ್ತದೆ. ಹತ್ತು ಅಂಕದ ವೃತ್ತದ ಅಗಲ 11.5 ಮಿ.ಮೀ. ಮಾತ್ರ. ಗಾಳಿ ಒಂದಿಷ್ಟು ಸೋರಿದರೂ ಗುಂಡಿನ ವೇಗ ಒಂದೇ ಸಮ ಇರುವುದಿಲ್ಲ.

ಆ ಗಾಳಿಯನ್ನು ತಡೆದು ನಿಲ್ಲಿಸುವುದು ಕೆಲವು ರಬ್ಬರ್ ಉಂಗುರಗಳು, ಓ-ರಿಂಗ್‌ಗಳು. ನನ್ನ ಬಿಡಿಭಾಗಗಳ ಡಬ್ಬಿಯಲ್ಲಿ ಮೊದಲ ಜಾಗ ಇವಕ್ಕೇ. ಸಿಲಿಂಡರ್ ಕೂರುವಲ್ಲಿ ಒಂದು, ಗಾಳಿ ತುಂಬುವ ಅಡಾಪ್ಟರಿನಲ್ಲಿ ಒಂದು, ಪೆಲೆಟ್ ಇಡುವ ಬಾಯಲ್ಲಿ ಒಂದು. ಬಳಸಿದ ಉಂಗುರವನ್ನು ಬೆರಳ ಮೇಲೆ ಹಿಗ್ಗಿಸಿ ಬೆಳಕಿಗೆ ಹಿಡಿಯಿರಿ. ಕೂದಲೆಳೆಯಂಥ ಬಿರುಕೋ, ಒಂದು ಮಗ್ಗುಲಿಗೆ ಚಪ್ಪಟೆಯೋ ಕಂಡರೆ ಅದರ ಕೆಲಸ ಮುಗಿಯಿತು. ಹೊಸದಕ್ಕೆ ಸಿಲಿಕೋನ್ ಗ್ರೀಸ್ ತೆಳುವಾಗಿ ಸವರಿ ಕೂರಿಸಬೇಕು. ಹೊಲಿಗೆ ಯಂತ್ರದ ಎಣ್ಣೆ, ಇಂಜಿನ್ ಎಣ್ಣೆ ಹತ್ತಿರ ತರಲೇಬೇಡಿ. ಅಷ್ಟು ಒತ್ತಡದ ಗಾಳಿಗೆ ಪೆಟ್ರೋಲಿಯಂ ಎಣ್ಣೆ ಸೇರಿದರೆ ಹೊತ್ತಿಕೊಳ್ಳುವ ಅಪಾಯವಿದೆ. ಉಂಗುರ ಬದಲಿಸುವ ಮೊದಲು ಪೆಲೆಟ್ ಇಲ್ಲವೆಂದು ನೋಡಿಕೊಂಡು, ನಳಿಗೆಯನ್ನು ಗುರಿಯತ್ತಲೇ ಹಿಡಿದು ಸಿಲಿಂಡರ್ ಬಿಚ್ಚಿಡಬೇಕು.

ಎರಡನೆಯದು ಇನ್ನೊಂದು ಸಿಲಿಂಡರ್. ಉಂಗುರದಷ್ಟು ಅಗ್ಗವಲ್ಲ, ಆದರೂ ಬೇಕೇ ಬೇಕು. ಸಂಜೆ ತುಂಬಿಸಿಟ್ಟದ್ದು ಬೆಳಿಗ್ಗೆಗೆ ಮಾಪಕದ ಮುಳ್ಳು ಇಳಿಸಿದ್ದರೆ ಸ್ಪರ್ಧೆಗೆ ಅದನ್ನು ನಂಬುವಂತಿಲ್ಲ. ಕೊಳ್ಳುವಾಗ ಮೈಮೇಲಿನ ತಯಾರಿಕೆಯ ದಿನಾಂಕ ಓದಿ: ಸಿಲಿಂಡರಿನ ಆಯುಷ್ಯ ಗರಿಷ್ಠ ಹತ್ತು ವರ್ಷ, ಅದಾದ ಮೇಲೆ ಅಂತರರಾಷ್ಟ್ರೀಯ ಸ್ಪರ್ಧೆಯಲ್ಲಿ ಬಿಡುವುದಿಲ್ಲ. ಹಳೆಯ ಸಿಲಿಂಡರ್ ಅಗ್ಗಕ್ಕೆ ಸಿಕ್ಕಿತೆಂದು ಹಿಗ್ಗುವವರು ಇದನ್ನೇ ಮರೆಯುತ್ತಾರೆ.

ಉಳಿದವು ಸಣ್ಣಪುಟ್ಟವು. ಹಿಡಿಯ ಸ್ಕ್ರೂ, ಹಿಂದಿನ ಗುರಿಕಟ್ಟಿನ ಸ್ಕ್ರೂ, ಅವುಗಳ ಅಳತೆಯ ಅಲೆನ್ ಕೀಗಳು, ಎಲೆಕ್ಟ್ರಾನಿಕ್ ಟ್ರಿಗರ್ ಇದ್ದರೆ ಬ್ಯಾಟರಿ. ಸ್ಕ್ರೂ ತಲೆಯಿಂದ ಪಕ್ಕದ ಲೋಹದವರೆಗೆ ಬಣ್ಣದಲ್ಲಿ ಸಣ್ಣ ಗೆರೆ ಎಳೆದಿಟ್ಟರೆ ಸಡಿಲವಾದದ್ದು ಕಣ್ಣಿಗೇ ಬೀಳುತ್ತದೆ. ಪಿಸ್ತೂಲು ತಯಾರಿಸುವ ಮೊರಿನಿ, ಸ್ಟೇರ್, ವಾಲ್ಥರ್, ಪಾರ್ಡಿನಿ, ಎಲ್ಲವೂ ಯುರೋಪಿನ ಕಂಪನಿಗಳು. ದೊಡ್ಡ ಅಂತರರಾಷ್ಟ್ರೀಯ ಕೂಟಗಳಲ್ಲಿ ಕಂಪನಿಯ ತಂತ್ರಜ್ಞರೇ ಮೇಜು ಹಾಕಿ ಕೂತಿರುತ್ತಾರೆ. ಜಿಲ್ಲಾ ಮಟ್ಟದ ಸ್ಪರ್ಧೆಯಲ್ಲಿ ಆ ಭಾಗ್ಯವಿಲ್ಲ, ಒಂದು ಸ್ಕ್ರೂ ಕಳೆದರೂ ಅವತ್ತಿನ ಆಟ ಮುಗಿದಂತೆ.

ಟ್ರಿಗರಿನ ಒಳಭಾಗಗಳನ್ನು, ವಾಲ್ವಿನ ಬಿಡಿಭಾಗಗಳನ್ನು ಡಬ್ಬಿಗೆ ಸೇರಿಸಬೇಡಿ ಎಂದೇ ನಾನು ಹೇಳುತ್ತೇನೆ. ಟ್ರಿಗರ್ ಕನಿಷ್ಠ 500 ಗ್ರಾಂ ಭಾರ ಎತ್ತಲೇಬೇಕೆಂಬುದು ನಿಯಮ. ಅವಸರದಲ್ಲಿ ಬಿಚ್ಚಿ ಜೋಡಿಸಿದ್ದು ತಪಾಸಣೆಯಲ್ಲಿ ನಪಾಸಾಗಬಹುದು, ಅದಕ್ಕಿಂತ ಹೆಚ್ಚಾಗಿ ಅದು ಅಪಾಯಕಾರಿ. ಆ ಕೆಲಸ ಬಲ್ಲ ಮೆಕ್ಯಾನಿಕ್‌ಗೇ ಬಿಡಬೇಕು. ಡಬ್ಬಿಯಲ್ಲಿ ಇರುವುದನ್ನು ಮಾತ್ರ ಮಗು ಕೋಚ್ ಎದುರಿಗೆ ತಾನೇ ಬದಲಿಸಿ ಕಲಿತಿರಲಿ. ಅಭ್ಯಾಸದ ದಿನವೊಂದನ್ನು ಅದಕ್ಕೇ ಇಟ್ಟುಕೊಳ್ಳಬಹುದು, ಪೆಲೆಟ್ ಡಬ್ಬಿ ಚೀಲದಲ್ಲೇ ಇರಲಿ.