ಮಕ್ಕಳ ಕಾದಂಬರಿಗೆ ದಿನಕ್ಕೊಂದು ಗಂಟೆ

ಹೊಸೂರು, ಕೃಷ್ಣಗಿರಿ ಸೀಮೆಯ ನಮ್ಮ ಅನೇಕ ಮನೆಗಳಲ್ಲಿ ಮಕ್ಕಳು ಆಡುವ ಮಾತು ಕನ್ನಡ, ಶಾಲೆಯಲ್ಲಿ ಓದುವುದು ತಮಿಳು ಇಲ್ಲವೆ ಇಂಗ್ಲಿಷ್. ಅಜ್ಜಿ ಹೇಳುವ ಕತೆಯನ್ನು ಕಿವಿಗೊಟ್ಟು ಕೇಳುತ್ತಾರೆ. ಅದನ್ನೇ ಅಚ್ಚಿನಲ್ಲಿ ಕೊಟ್ಟರೆ ಅಕ್ಷರ ಕೂಡಿಸಲು ತಡವರಿಸುತ್ತಾರೆ. ಇವರಿಗಾಗಿ ನಾವೇ ಒಂದು ಕಾದಂಬರಿ ಬರೆಯಬಾರದೇಕೆ? 'ಪುರುಸೊತ್ತೆಲ್ಲಿ?' ಎನ್ನುತ್ತೇವೆ.

ನಮ್ಮವರೇ ಆದ ನಾ. ಡಿಸೋಜ (1937-2025) ಅವರನ್ನು ನೆನೆಯೋಣ. ಲೋಕೋಪಯೋಗಿ ಇಲಾಖೆಯಲ್ಲಿ ನೌಕರಿ ಮಾಡುತ್ತಲೇ ಅವರು ಬರೆದರು. ಶರಾವತಿ ಯೋಜನೆಯಲ್ಲಿ ಮುಳುಗಿದ ಊರುಗಳ ನೋವನ್ನು ಕಣ್ಣಾರೆ ಕಂಡು ಕತೆಯಾಗಿಸಿದರು. ದೊಡ್ಡವರಿಗಷ್ಟೇ ಅಲ್ಲ, ಮಕ್ಕಳಿಗೂ ಬರೆದರು. ಅವರ 'ಮುಳುಗಡೆಯ ಊರಿಗೆ ಬಂದವರು' ಕೃತಿಗೆ 2011ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿಯ ಬಾಲಸಾಹಿತ್ಯ ಪುರಸ್ಕಾರ ಬಂತು.

ನಮ್ಮ ಸುತ್ತಲೂ ಕತೆಗೆ ಬರವಿಲ್ಲ: ರಾಗಿ ಹೊಲಕ್ಕೆ ಇಳಿಯುವ ಆನೆಗಳು, ಗುಲಾಬಿ ತೋಟಗಳು, ಹೊಲವಿದ್ದಲ್ಲಿ ಎದ್ದ ಕಾರ್ಖಾನೆಗಳು. ಬೇಕಾದದ್ದು ಗೊತ್ತುಮಾಡಿದ ಹೊತ್ತು. ಊಟಕ್ಕೆ, ಪ್ರಾರ್ಥನೆಗೆ ಇರುವಂತೆ ಬರವಣಿಗೆಗೂ ದಿನಕ್ಕೊಂದು ಗಂಟೆ ಇರಲಿ. ಆಗ ಟೀವಿ, ಮೊಬೈಲುಗಳ ಬಾಯಿ ಮುಚ್ಚಿರಲಿ. ದಿನಕ್ಕೆ 300 ಪದ ಬರೆದರೆ 60 ದಿನಗಳಲ್ಲಿ 18,000 ಪದ. ಮಕ್ಕಳ ಕಿರುಕಾದಂಬರಿಗೆ ಅಷ್ಟು ಸಾಕು. ತಿದ್ದುವುದು ಆಮೇಲೆ.

ಬರೆದಷ್ಟನ್ನು ವಾರಕ್ಕೊಮ್ಮೆ ಮಕ್ಕಳಿಗೆ ಓದಿ ಹೇಳೋಣ. ಅವರು ಆಕಳಿಸಿದ ಕಡೆ ಗುರುತು ಹಾಕಿಕೊಳ್ಳೋಣ. 'ಆಮೇಲೆ?' ಎಂದು ಕೇಳಿದರೆ ಮುಂದಿನ ಅಧ್ಯಾಯವನ್ನು ಅವರ ಕೈಗೇ ಕೊಡೋಣ. ತಡವರಿಸುತ್ತಲೇ ಆಗಲಿ, ಅವರೇ ಓದಿಕೊಳ್ಳಲಿ.