ಬಿಗಿದ ಕಟ್ಟು, ಬಾಡುವ ಕೈ

ಮಕ್ಕಳ ಎಲುಬು ಮುರಿದರೂ ಬೇಗ ಕೂಡುತ್ತದೆ ಎಂಬ ನಂಬಿಕೆ ಸುಳ್ಳಲ್ಲ. ಆದರೆ ಆ ನಂಬಿಕೆಯೇ ನಮ್ಮನ್ನು ಅಲಕ್ಷ್ಯಕ್ಕೆ ದೂಡುತ್ತಿದೆಯೆಂಬುದು ನನ್ನ ಆತಂಕ.

ಗೋಕಾಕ ತಾಲ್ಲೂಕಿನ ಮಮದಾಪುರದಂತಹ ಊರುಗಳಲ್ಲಿ ಕಬ್ಬು ನುರಿಸುವ ಹಂಗಾಮು ಬಂತೆಂದರೆ ರಸ್ತೆಯಲ್ಲಿ ಟ್ರ್ಯಾಕ್ಟರುಗಳ ಸಾಲು. ಚಲಿಸುವ ಟ್ರೇಲರಿನಿಂದ ಕಬ್ಬು ಸೆಳೆಯುವುದು ಮಕ್ಕಳಿಗೆ ಆಟ. ಮರಗಳು, ಕುಂಬಿಯಿಲ್ಲದ ಮಾಳಿಗೆಗಳು ಬೀಳಲು ಇನ್ನುಳಿದ ತಾಣಗಳು. ಬೀಳುವಾಗ ಮಗು ಕೈಯೂರುತ್ತದೆ. ಆದ್ದರಿಂದಲೇ ಮುಂಗೈ, ಮೊಣಕೈಗಳ ಮುರಿತ ಹೆಚ್ಚು.

ಮೊಣಕೈಯ ಎಲುಬಿಗೆ ಹೊಂದಿಕೊಂಡೇ ಮುಖ್ಯ ರಕ್ತನಾಳ ಹಾದುಹೋಗುತ್ತದೆ. ಬಾವು ಏರುತ್ತಿರುವಾಗಲೇ ಬಿದಿರಿನ ದಬ್ಬೆಯಿಟ್ಟು ಬಿಗಿದರೆ ರಕ್ತಸಂಚಾರ ಕುಂದಿ, ಕೆಲವೇ ಗಂಟೆಗಳಲ್ಲಿ ಸ್ನಾಯುಗಳು ಸಾಯತೊಡಗುತ್ತವೆ. ಬೆರಳುಗಳು ಮಡಿಚಿಕೊಂಡೇ ಉಳಿಯುತ್ತವೆ. ಜರ್ಮನಿಯ ಶಸ್ತ್ರವೈದ್ಯ ವೋಲ್ಕ್‌ಮನ್ 1881ರಲ್ಲೇ ಇದನ್ನು ವಿವರಿಸಿದ್ದರು. ನಾಟಿ ವೈದ್ಯರನ್ನು ಹಳಿಯುವುದು ನನ್ನ ಉದ್ದೇಶವಲ್ಲ. ಆಸ್ಪತ್ರೆಯ ಪ್ಲಾಸ್ಟರ್ ಬಿಗಿಯಾದರೂ ಇದೇ ಗತಿ. ಕಟ್ಟಿದ ಮೇಲೆ ನೋವು ಏರಿದರೆ, ಬೆರಳು ತಣ್ಣಗಾದರೆ, ಜೋಮು ಹಿಡಿದರೆ, ಮಗುವಿನ ಅಳುವನ್ನು ಹಟವೆಂದು ತಳ್ಳಿಹಾಕದೆ ತಕ್ಷಣ ಆಸ್ಪತ್ರೆಗೆ ಒಯ್ದು ಕಟ್ಟು ಸಡಿಲಿಸಬೇಕು.

ಎಲುಬಿನ ಬಲ ಊಟದಲ್ಲೂ ಇದೆ. 100 ಗ್ರಾಂ ರಾಗಿಯಲ್ಲಿ 300 ಮಿಲಿಗ್ರಾಂಗೂ ಮಿಕ್ಕಿ ಸುಣ್ಣಾಂಶವಿದ್ದರೆ, ನಮ್ಮ ಜೋಳದಲ್ಲಿರುವುದು ಅದರ ಹತ್ತರಲ್ಲೊಂದು ಪಾಲು ಮಾತ್ರ. 2013ರಲ್ಲಿ ಆರಂಭವಾದ ಕ್ಷೀರಭಾಗ್ಯದ ಹಾಲು ಈ ಕೊರತೆಯನ್ನು ತುಸು ತುಂಬುತ್ತದೆ. ಜೊತೆಗೆ ಎಳೆಯ ಮೈಗೆ ಬಿಸಿಲೂ ಬೇಕು.

ಮಾಳಿಗೆಗೊಂದು ಕುಂಬಿ, ಹಂಗಾಮಿಗೆ ಮುನ್ನ ಶಾಲೆಯಲ್ಲೊಂದು ಎಚ್ಚರಿಕೆಯ ಪಾಠ: ಇವು ದುಬಾರಿಯಲ್ಲ. ಪಾಟಿ ಹಿಡಿಯಬೇಕಾದ ಕೈ ಒಮ್ಮೆ ಬಾಡಿದರೆ, ಮತ್ತೆ ಮೊದಲಿನಂತಾಗುವುದು ದುಸ್ತರ.