ಠಾಣೆ ಖಾಡಿಯ ಚೆಕ್ಕುಬಂದಿ

ಅಡವಿನ ಪತ್ರ ಕೈಗೆ ಬಂದೊಡನೆ ಬ್ಯಾಂಕಿನವನ ಕಣ್ಣು ಮೊದಲು ಅರಸುವುದು ಚೆಕ್ಕುಬಂದಿಯನ್ನು. ಎಲ್ಲೆ ಗೊತ್ತಾಗದ ಭೂಮಿಗೆ ಬೆಲೆ ಕಟ್ಟಲಾಗದು. ಉಪಗ್ರಹಚಿತ್ರವನ್ನು ಓದುವ ವಿಜ್ಞಾನಿಗೂ ಇದೇ ಮೊದಲ ಕೆಲಸ. ಠಾಣೆಗೂ ನವಿ ಮುಂಬಯಿಗೂ ನಡುವಣ ಖಾಡಿಯನ್ನೇ ನಿದರ್ಶನವಾಗಿಟ್ಟುಕೊಂಡು ಆ ವಿಧಾನವನ್ನು ವಿಚಾರಿಸೋಣ. ಅದರ ದಡದ ಮ್ಯಾಂಗ್ರೋವ್ ಕಾಡನ್ನು ನಮ್ಮ ಕರಾವಳಿಯವರು ಕಾಂಡ್ಲಾ ಎನ್ನುತ್ತಾರೆ. 2015ರಲ್ಲಿ ಇಲ್ಲಿ ಫ್ಲೆಮಿಂಗೋ ಹಕ್ಕಿಗಳ ಅಭಯಾರಣ್ಯ ಘೋಷಿತವಾಯಿತು. 2022ರಲ್ಲಿ ಅದು ರಾಮ್‌ಸಾರ್ ಪಟ್ಟಿಗೂ ಸೇರಿತು.

ಉಪಗ್ರಹಚಿತ್ರವೆಂಬುದು ವಾಸ್ತವವಾಗಿ ಅಂಕಿಗಳ ಕೋಷ್ಟಕ. ಪಿಕ್ಸೆಲ್ ಎಂಬ ಒಂದೊಂದು ಚೌಕವೂ ನೆಲದ ಒಂದು ತುಣುಕಿನಿಂದ ಬಂದ ಬೆಳಕಿನ ಪ್ರಮಾಣವನ್ನು ಹೇಳುತ್ತದೆ. ಕಣ್ಣಿಗೆ ಕಾಣದ ಅವಗೆಂಪು ಕಿರಣವನ್ನು ಹಸಿರೆಲೆಯು ಹೆಚ್ಚಾಗಿ ಹಿಂದಿರುಗಿಸುತ್ತದೆ. ನೀರು ಬಹುಮಟ್ಟಿಗೆ ನುಂಗಿಬಿಡುತ್ತದೆ. ಒಂದು ಸಾಲಿನಲ್ಲಿ 12, 13, 12, 58, 60 ಎಂಬ ಅಂಕಿಗಳಿವೆಯೆನ್ನೋಣ. ಮೂರನೆಯದಕ್ಕೂ ನಾಲ್ಕನೆಯದಕ್ಕೂ 46ರ ಅಂತರ. ನೀರು ಮುಗಿದು ಕಾಡು ತೊಡಗುವ ಅಂಚು ಅಲ್ಲಿದೆ. ಹೀಗೆ ಹುಡುಕುವುದೇ ಅಂಚುಶೋಧನೆ. ಆದರೆ ದೋಣಿಯೊಂದು, ಮೋಡದ ನೆರಳೊಂದು ಸಹ ಇಂಥ ಅಂತರವನ್ನು ಹುಟ್ಟಿಸಬಲ್ಲದು. ಜಾನ್ ಕ್ಯಾನಿಯವರು 1986ರಲ್ಲಿ ಪ್ರಕಟಿಸಿದ ವಿಧಾನವು ಮೊದಲು ಚಿತ್ರವನ್ನು ನಯಗೊಳಿಸುತ್ತದೆ. ಬಳಿಕ ಬಲವಾದ ಅಂಚುಗಳನ್ನೂ, ಅವುಗಳಿಗೆ ಹೊಂದಿಕೊಂಡ ದುರ್ಬಲ ಅಂಚುಗಳನ್ನೂ ಮಾತ್ರ ಉಳಿಸಿಕೊಳ್ಳುತ್ತದೆ. ಖಂಡವಿಭಜನೆಯ ಮಾರ್ಗ ಸಾಮಾನ್ಯವಾಗಿ ಬೇರೆ. ಅದು ಸಮಾನಗುಣದ ನೆರೆಚೌಕಗಳನ್ನು ಕೂಡಿಸಿ ಚಿತ್ರವನ್ನು ಪಾಲು ಮಾಡುತ್ತದೆ. ಆ ಪಾಲುಗಳಿಗೆ ನೀರು, ಕೆಸರು, ಕಾಡು, ಕಟ್ಟಡವೆಂದು ಹೆಸರಿಡುವುದು ಅನಂತರದ ಕೆಲಸ.

ಇನ್ನು ತೊಡಕಿನ ಮಾತು. ಇಂಥ ಉಪಗ್ರಹವು ಪ್ರತಿಸಲವೂ ಹೆಚ್ಚುಕಡಮೆ ಬೆಳಗಿನ ಅದೇ ವೇಳೆಗೆ ಹಾದುಹೋಗುತ್ತದೆ. ಉಬ್ಬರವಾದರೋ ದಿನಕ್ಕೆ ಸುಮಾರು 50 ನಿಮಿಷ ತಡವಾಗುತ್ತ ಸಾಗುತ್ತದೆ. ಆದಕಾರಣ ಒಂದು ಚಿತ್ರದಲ್ಲಿ ಕೆಸರುಬಯಲಾಗಿ ಕಂಡದ್ದು ಇನ್ನೊಂದರಲ್ಲಿ ನೀರಾಗಿರುತ್ತದೆ. ಐರೋಲಿ ಸೇತುವೆಯ ಮೇಲೆ ಓಡಾಡುವವರು ಇದನ್ನು ಕಣ್ಣಾರೆ ಕಂಡಿದ್ದಾರೆ. ಉಬ್ಬರವನ್ನು ಲೆಕ್ಕಿಸದೆ ಎರಡು ಚಿತ್ರಗಳನ್ನು ಹೋಲಿಸಿದರೆ, ಇದ್ದಲ್ಲೇ ಇರುವ ದಡವೂ ಸರಿದಂತೆ ತೋರುತ್ತದೆ. ಯಂತ್ರವು ಕಂಡದ್ದು ಬೆಳಕಿನ ಅಂಚನ್ನೇ ಹೊರತು ನೆಲದ ಎಲ್ಲೆಯನ್ನಲ್ಲ.

ಇದು ಬರಿಯ ಪಾಂಡಿತ್ಯದ ಚರ್ಚೆಯಲ್ಲ. ಮುಂಬಯಿ ಉಚ್ಚ ನ್ಯಾಯಾಲಯವು 2018ರ ತೀರ್ಪಿನಲ್ಲಿ ಕಾಂಡ್ಲಾವನದ ನಾಶವನ್ನು ನಿಷೇಧಿಸಿ, ಸುತ್ತಲಿನ 50 ಮೀಟರಿನೊಳಗೆ ಕಟ್ಟಡ ಕೂಡದೆಂದು ವಿಧಿಸಿತು. ಸೆಂಟಿನೆಲ್-2 ಉಪಗ್ರಹದ ಸೂಕ್ಷ್ಮತಮ ಚೌಕ 10 ಮೀಟರಿನದು. ಅದರಲ್ಲಿ ಈ ಪಟ್ಟಿ ಐದೇ ಚೌಕ. ಲ್ಯಾಂಡ್‌ಸ್ಯಾಟಿನ 30 ಮೀಟರಿನ ಚಿತ್ರದಲ್ಲಿ ಎರಡು ಚೌಕವೂ ಆಗದು. ಅಂಚು ಒಂದು ಚೌಕದಷ್ಟು ತಪ್ಪಿದರೆ ಮೊದಲನೆಯದರಲ್ಲಿ ರಕ್ಷಣೆಯ ಐದನೆಯ ಒಂದು ಪಾಲು, ಎರಡನೆಯದರಲ್ಲಿ ಅರ್ಧಕ್ಕೂ ಮಿಕ್ಕ ಪಾಲು ಹೋಯಿತೆಂದೇ ಅರ್ಥ.

ಆದುದರಿಂದ ಚಿತ್ರದೊಡನೆ ಆ ಹೊತ್ತಿನ ಉಬ್ಬರದ ಮಟ್ಟವನ್ನು ನೋಡಬೇಕು. ಅಂಚು ಸಂಶಯಾಸ್ಪದವಾದಲ್ಲಿ ದಡಕ್ಕೇ ಹೋಗಿ ಅಳೆಯಬೇಕು. ಪತ್ರ ಎಷ್ಟೇ ಸರಿಯಾಗಿದ್ದರೂ ಸ್ಥಳಪರೀಕ್ಷೆಯಿಲ್ಲದೆ ನಾವು ಸಾಲ ಮಂಜೂರು ಮಾಡುವುದಿಲ್ಲವಷ್ಟೆ.